ಸಹಿ ಬೇಡದ ಓದು

ಲೆಕ್ಕ ತನಿಖೆ ಮಾಡುವವನಿಗೂ ಓದಿಗೂ ಏನು ಸಂಬಂಧವೆಂದು ಕೇಳುವವರುಂಟು. ನನ್ನನ್ನು ಕೇಳಿದರೆ ನಮ್ಮಷ್ಟು ಓದಬೇಕಾದವರು ಪಂಡಿತವರ್ಗದಲ್ಲಿಯೂ ವಿರಳ. ಸಹಕಾರ ಸಂಘಗಳ ಲೆಕ್ಕಪರಿಶೋಧನೆಯ ಇಲಾಖೆಯಲ್ಲಿ ನಾನು 1979ರಿಂದ 2012ರವರೆಗೆ ಇದ್ದೆನು. ಆ 33 ವರುಷಗಳಲ್ಲಿ ಓದದೆ ಕಳೆದ ದಿನ ಒಂದಾದರೂ ಇದ್ದಿತೆಂದು ನನಗೆ ನೆನಪಿಲ್ಲ. ನಗದು ಪುಸ್ತಕ, ದಾಸ್ತಾನು ಪುಸ್ತಕ, ಷೇರಿನ ಖಾತೆ, ಸಾಲದ ಖಾತೆ, ಆಡಳಿತ ಮಂಡಲಿಯ ನಡವಳಿಕೆಗಳ ಪುಸ್ತಕ, ದಾರದಲ್ಲಿ ಪೋಣಿಸಿ ಗೋಡೆಯ ಮೊಳೆಗೆ ತೂಗುಹಾಕಿದ ವೋಚರುಗಳು, ಇವೆಲ್ಲವನ್ನೂ ಒಂದಕ್ಷರ ಬಿಡದೆ ಓದಿದ್ದೇನೆ. ಗುಬ್ಬಿ, ಕುಣಿಗಲ್, ತುರುವೇಕೆರೆ ಸೀಮೆಗಳ ಹಾಲಿನ ಸಂಘಗಳಲ್ಲಿಯೂ ವ್ಯವಸಾಯ ಸೇವಾ ಸಂಘಗಳಲ್ಲಿಯೂ ಗೊಬ್ಬರದ ಮೂಟೆಗಳ ನಡುವೆ ಕುರ್ಚಿ ಹಾಕಿಸಿಕೊಂಡು ಕುಳಿತು ಓದಿದ ಓದು ಅದು.

ಆದರೆ ಅದು ಒಂದು ಬಗೆಯ ಓದು. ಸಾಮಾನ್ಯ ವಾಚಕನು ಪುಟದಲ್ಲಿ ಇರುವುದನ್ನು ಓದುತ್ತಾನೆ. ಲೆಕ್ಕ ತನಿಖೆಯವನು ಇಲ್ಲದಿರುವುದನ್ನು ಓದುತ್ತಾನೆ. ಕೈಯಲ್ಲಿ ಹಸುರು ಪೆನ್ಸಿಲು, ಪ್ರತಿಯೊಂದು ಸಾಲಿನ ಪಕ್ಕದಲ್ಲಿಯೂ ಒಂದು ಗುರುತು, ಕೊನೆಯಲ್ಲಿ ಸಹಿ. ಸಹಿ ಮಾಡಿದ ಮೇಲೆ ಆ ಓದಿಗೆ ನಾನು ಜವಾಬ್ದಾರನು. ನಾಳೆ ಯಾವನಾದರೂ ಕಾರ್ಯದರ್ಶಿಯು ಹಣ ತಿಂದುದು ಹೊರಬಿದ್ದರೆ ಮೊದಲು ಕೇಳುವ ಪ್ರಶ್ನೆ, "ಈ ಪುಟವನ್ನು ಓದಿ ಸಹಿ ಮಾಡಿದವರು ಯಾರು?" ಎಂಬುದೇ. ಇಂತಹ ಓದಿನಲ್ಲಿ ಮೂರು ದಶಕ ಕಳೆದವನ ಕೈಗೆ ಒಂದು ಕಥೆಯ ಪುಸ್ತಕವನ್ನು ಕೊಟ್ಟರೆ ಅವನ ಬೆರಳು ತಾನಾಗಿಯೇ ಪೆನ್ಸಿಲನ್ನು ಹುಡುಕುವುದು. ಇದು ಉದ್ಯೋಗದ ಗುಣ. ಕುಂಬಾರನ ಕೈಗೆ ಮಣ್ಣು ಹತ್ತಿದ ಹಾಗೆ.

ಹುಡುಗನಾಗಿದ್ದಾಗ ಹೀಗಿರಲಿಲ್ಲ. ಆಗ ನಮ್ಮ ಶೆಟ್ಟಿಹಳ್ಳಿಯು ತುಮಕೂರಿನ ಅಂಚಿನಲ್ಲಿದ್ದ ಹಳ್ಳಿ. ಈಗ ಪಟ್ಟಣವು ಬೆಳೆದು ಅದನ್ನು ನುಂಗಿಕೊಂಡಿದೆ. ಹೊರಗಿನವರಿಗೆ ಅದು ಒಂದು ಬಡಾವಣೆಯ ಹೆಸರು ಮಾತ್ರ. ಅಂದು ಮನೆಯ ಹಿಂದೆ ರಾಗಿಯ ಹೊಲ, ಹೊಲದಾಚೆ ರೈಲು ಹಾದಿ. ಆ ಹೊಲದ ಬದುವಿನ ಮೇಲೆ ಹೊಂಗೆಯ ನೆರಳಿನಲ್ಲಿ ಕುಳಿತು 'ಚಂದಮಾಮ'ವನ್ನು ಓದಿದೆನು. ಸ್ವಲ್ಪ ಮೀಸೆ ಚಿಗುರಿದ ಮೇಲೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಭೂಗೋಳದ ಪುಸ್ತಕದೊಳಗಿಟ್ಟು ಓದಿದೆನು. ಶಾಲೆಯಲ್ಲಿ ಹೆಚ್ಚು ಕಲಿಯಲು ಅನುಕೂಲವಿಲ್ಲದ ಆ ಮಹನೀಯರು ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದು, ಪುಸ್ತಕವನ್ನೇ ಮುಟ್ಟದ ಸಾವಿರಾರು ಮಂದಿಯ ಕೈಗೆ ಪುಸ್ತಕ ಹಿಡಿಸಿದರು. ಸಾಹಿತ್ಯಚರಿತ್ರೆಯವರು ಅವರಿಗೆ ಎರಡು ಸಾಲನ್ನು ಕೊಡಲು ಹಿಂದೆಮುಂದೆ ನೋಡುತ್ತಾರೆ. ಪತ್ತೇದಾರ ಪುರುಷೋತ್ತಮನ ಹಿಂದೆ ಓಡಿದ ನಮ್ಮ ಪೀಳಿಗೆಯವರು ಹಾಗೆ ನೋಡಲಾರೆವು.

ನಮ್ಮ ತಂದೆಯವರಿಗೆ ಕಾದಂಬರಿಯೆಂದರೆ ಆಗುತ್ತಿರಲಿಲ್ಲ. ಶ್ರಾವಣದಲ್ಲಿ ಆಂಜನೇಯನ ಗುಡಿಯಲ್ಲಿ ಕುಮಾರವ್ಯಾಸಭಾರತವನ್ನು ಓದಿಸಿದರೆ ರಾತ್ರಿ ಹನ್ನೊಂದರವರೆಗೂ ಕಣ್ಣು ಮಿಟುಕಿಸದೆ ಕೇಳುತ್ತಿದ್ದವರು, ಮನೆಯಲ್ಲಿ ಕಾದಂಬರಿಯನ್ನು ಕಂಡರೆ ಹುಬ್ಬು ಗಂಟಿಕ್ಕುತ್ತಿದ್ದರು. ಆ ಕಾಲದ ಅನೇಕ ಹಿರಿಯರು ಹಾಗೆಯೇ. ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರು, ಮರಾಠಿಯಿಂದಲೂ ಸ್ವಂತವಾಗಿಯೂ ಕಥೆಗಳನ್ನು ಕೊಟ್ಟ ಗಳಗನಾಥರು, ಇವರು ಕನ್ನಡಿಗರಿಗೆ ಕಾದಂಬರಿಯ ರುಚಿ ಹತ್ತಿಸಿದ ಮೇಲೆಯೂ ಆ ರುಚಿಯ ವಿಷಯದಲ್ಲಿ ಮನೆಗಳಲ್ಲಿ ಒಂದು ಅಳುಕು ಉಳಿದೇ ಇದ್ದಿತು. ಅಳುಕಿಗೆ ಹೆಸರೇ ಕಾರಣವೋ ಏನೋ! ಏಳನೆಯ ಶತಮಾನದ ಬಾಣಕವಿಯ ನಾಯಿಕೆಯ ಹೆಸರು ನಮ್ಮಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಈ ಸಾಹಿತ್ಯಪ್ರಕಾರಕ್ಕೇ ಹೆಸರಾಗಿ ನಿಂತಿತು. ಆದರೆ ಸಂಸ್ಕೃತದಲ್ಲಿ ಕಾದಂಬರಿಯೆಂದರೆ ಮದ್ಯವೆಂದೂ ಅರ್ಥವಿದೆ. ತಂದೆಯವರಿಗೆ ಈ ಎರಡನೆಯ ಅರ್ಥವು ಚೆನ್ನಾಗಿ ಗೊತ್ತಿದ್ದಿರಬೇಕು.

ನೌಕರಿಗೆ ಸೇರಿದ ಮೇಲೆ ಆ ಅಮಲು ತಾನಾಗಿಯೇ ಇಳಿಯಿತು. ಮನೆಯಲ್ಲಿ ಓದುತ್ತಿದ್ದವಳು ನನ್ನ ಹೆಂಡತಿ. ಅವಳು ತ್ರಿವೇಣಿಯವರನ್ನು ಓದಿದಳು, ಎಂ. ಕೆ. ಇಂದಿರಾ ಅವರನ್ನು ಓದಿದಳು, ಗೊರೂರರನ್ನು ಓದಿದಳು. ಅಡಿಗೆಯ ಮನೆಯ ಗೂಡಿನಲ್ಲಿ ಸಾಸಿವೆಯ ಡಬ್ಬಿಯ ಪಕ್ಕದಲ್ಲಿ ಯಾವಾಗಲೂ ಒಂದು ಪುಸ್ತಕ ಮಗುಚಿ ಇಟ್ಟಿರುತ್ತಿದ್ದಿತು. ಓದುತ್ತಾ ಒಬ್ಬಳೇ ನಗುವಳು. "ಏನು ಸಮಾಚಾರ?" ಎಂದು ನಾನು ಕೇಳುವೆನು. "ನಿಮಗೆ ಹೇಳಿದರೆ ವೋಚರು ಕೇಳುತ್ತೀರಿ" ಎನ್ನುವಳು. ನಮ್ಮ ದಾಂಪತ್ಯದಲ್ಲಿ ಪುಸ್ತಕಗಳ ಬಾಬ್ತು ಬಹುಕಾಲ ಇಷ್ಟರಲ್ಲಿಯೇ ಮುಗಿಯುತ್ತಿದ್ದಿತು.

ಮೂರು ವರುಷಗಳ ಕೆಳಗೆ ಸಕ್ಕರೆಯ ಕಾಯಿಲೆಯು ಅವಳ ಕಣ್ಣಿನ ಒಳಪೊರೆಗೆ ಇಳಿಯಿತು. ಬೆಂಗಳೂರಿಗೆ ಹೋಗಿ ಬಂದೆವು. ಸೂಜಿ ಹಾಕಿಸಿದ್ದಾಯಿತು, ಬೆಳಕಿನ ಚಿಕಿತ್ಸೆಯೂ ಆಯಿತು. ಇದ್ದುದು ಉಳಿಯಿತು, ಹೋದುದು ಬರಲಿಲ್ಲ. ಮನೆಯೊಳಗೆ ಓಡಾಡುವಳು, ಕೈಯಳತೆಯಲ್ಲಿ ಅಡಿಗೆಯನ್ನೂ ಮಾಡುವಳು, ಆದರೆ ಅಚ್ಚಿನ ಅಕ್ಷರವು ಇನ್ನು ಅವಳದಲ್ಲ ಎಂದು ವೈದ್ಯರು ಮೆಲ್ಲಗೆ ಹೇಳಿದರು. ಅವಳು ಅಳಲಿಲ್ಲ. ಗೂಡಿನಲ್ಲಿದ್ದ ಪುಸ್ತಕವನ್ನು ತೆಗೆದು ಒರಸಿ ಒಳಗಿನ ಕಪಾಟಿನಲ್ಲಿಟ್ಟಳು. ಆ ಗೂಡು ಎರಡು ತಿಂಗಳು ಬರಿದಾಗಿದ್ದಿತು. ಅವಳ ಬಾಯಲ್ಲಿ ಮಾತು ಕಡಮೆಯಾಗುತ್ತ ಬಂದಿತು. ಮಗನು ಕೈಫೋನಿನಲ್ಲಿ ಪುಸ್ತಕ ಓದಿ ಹೇಳುವ ಯಂತ್ರಧ್ವನಿಯೊಂದನ್ನು ಹಾಕಿಕೊಟ್ಟನು. ನಾಲ್ಕು ದಿನ ಕೇಳಿ, "ಇದಕ್ಕೆ ಎಲ್ಲಿ ನಗಬೇಕೆಂದು ತಿಳಿಯದು" ಎಂದು ನಿಲ್ಲಿಸಿಬಿಟ್ಟಳು.

ಒಂದು ಸಂಜೆ ನಾನಾಗಿಯೇ, "ನಾನು ಓದಲೆ?" ಎಂದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಮೇಲಿನ ಸಾಲಿನಲ್ಲಿ ಬಲಗಡೆಯಿಂದ ಮೂರನೆಯದು. ತೆಳ್ಳಗಿದೆ. ನಿಮಗೂ ಬೇಸರವಾಗದು" ಎಂದಳು. ತೆಗೆದು ನೋಡಿದರೆ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. ಅದು ಮೊದಲು ಅಚ್ಚಾದುದು 1980ರಲ್ಲಿ, ಅಂದರೆ ನಾನು ನೌಕರಿಗೆ ಸೇರಿದ ಮರುವರುಷ. ನಾನೂ ಅದೂ ಒಂದೇ ನಾಡಿನಲ್ಲಿ 40 ವರುಷಕ್ಕೂ ಹೆಚ್ಚು ಕಾಲ ಪರಸ್ಪರ ಮುಖ ನೋಡದೆ ಕಳೆದಿದ್ದೆವು.

ಇನ್ನು ಆ ಪುಸ್ತಕದ ವಿಷಯ. ಮಲೆನಾಡಿನ ಮೂಡಿಗೆರೆಯೆಂಬ ಸಣ್ಣ ಊರು. ಅದರ ಬಳಿ ವ್ಯವಸಾಯ ಮಾಡಿಕೊಂಡು, ಆ ವ್ಯವಸಾಯದಿಂದಲೇ ರೋಸಿಹೋದ ಒಬ್ಬ ಗೃಹಸ್ಥನು ಕಥೆ ಹೇಳುವವನು. ಕುವೆಂಪು ಅವರ ಮಗನಾದ ತೇಜಸ್ವಿಯವರು ತಾವೇ ಮೈಸೂರಿನ ಪಟ್ಟಣವಾಸವನ್ನು ಬಿಟ್ಟು ಮೂಡಿಗೆರೆಯಲ್ಲಿ ತೋಟ ಮಾಡಿ, 2007ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ಬಾಳಿದವರಾದುದರಿಂದ ಆ ರೋಸಿಕೆಯಲ್ಲಿ ಸ್ವಾನುಭವವೂ ಇದ್ದಿರಬೇಕು. ಕಥೆಯು ಎಲ್ಲಿಂದ ತೊಡಗುತ್ತದೆ ಬಲ್ಲಿರಾ? ಜೇನು ಸೊಸೈಟಿಯಿಂದ! ನಾನು ಪುಟ ತೆರೆದು ಆ ಮಾತನ್ನು ಕಂಡಕೂಡಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತೆನು. ಯಾವುದೋ ದೂರದ ಊರಿನಲ್ಲಿ ಅಕಸ್ಮಾತ್ತಾಗಿ ನಮ್ಮ ಇಲಾಖೆಯವರನ್ನು ಕಂಡಂತಾಯಿತು.

ವಾಚಕರಲ್ಲಿ ತರುಣರು ಇರಬಹುದಾದುದರಿಂದ ಒಂದು ಮಾತನ್ನು ಇಲ್ಲಿ ಹೇಳಬೇಕು. ಸಹಕಾರ ಸಂಘವೆಂಬುದು ನಮ್ಮ ಹಳ್ಳಿಗಳಲ್ಲಿ ಬರಿಯ ವ್ಯಾಪಾರದ ಸ್ಥಳವಲ್ಲ. 1904ರಲ್ಲಿ ಸರ್ಕಾರದ ಕಾನೂನು ಬಂದ ಮರುವರುಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು; ಅಲ್ಲಿಂದ ಈಚೆಗೆ ಊರಿನ ಆಸೆ, ಜಗಳ, ಕಕ್ಕುಲಾತಿ, ಕಳ್ಳತನ ಎಲ್ಲವೂ ಸಂಘದ ಜಗಲಿಗೆ ಬಂದು ಹೋಗುತ್ತವೆ. ಜೇನಿನ ಸಂಘಗಳು ನಮ್ಮ ಬಯಲುಸೀಮೆಗೆ ಅಪರೂಪ. ಕೊಡಗು ಮಲೆನಾಡುಗಳಲ್ಲಿ ಹೆಚ್ಚು. ವಿರಾಜಪೇಟೆಯ ಜೇನು ಮತ್ತು ಮೇಣದ ಉತ್ಪಾದಕರ ಸಂಘವು 1936ರಷ್ಟು ಹಳೆಯದು. ಮುಂದೆ 1990ರ ದಶಕದ ಮೊದಲಲ್ಲಿ ರೋಗವೊಂದು ಬಂದು ಮರಿಹುಳುಗಳು ಗೂಡಿನಲ್ಲಿಯೇ ಸತ್ತು, ಪೆಟ್ಟಿಗೆಗಳು ಸಾಲುಸಾಲಾಗಿ ಬರಿದಾದುವು. ತೇಜಸ್ವಿಯವರ ಕಥೆಯು ಆ ಅನಾಹುತಕ್ಕೆ ಹಿಂದಿನದು. ಆದುದರಿಂದ ಅದರಲ್ಲಿ ಹುಳುಗಳು ಇನ್ನೂ ಯಥೇಚ್ಛವಾಗಿ ಕಚ್ಚುತ್ತವೆ.

ಹಾಗೆ ಮೊದಲ ಸಂಜೆ ಓದತೊಡಗಿದೆನು. ನನ್ನ ಓದು ಹೇಗಿದ್ದಿತೆಂದರೆ, ಆಡಳಿತ ಮಂಡಲಿಯ ಮುಂದೆ ವರದಿ ಓದಿದ ಹಾಗೆ. ಒಂದೇ ಏರು, ಒಂದೇ ಇಳಿತ. ಅವಳು ಹತ್ತು ನಿಮಿಷ ಸಹಿಸಿಕೊಂಡು, "ರೀ, ಅವನು ಜೇನುತುಪ್ಪ ಕೇಳುತ್ತಿದ್ದಾನೆ, ಸಾಲ ವಸೂಲು ಮಾಡುತ್ತಿಲ್ಲ. ಸ್ವಲ್ಪ ಮೆತ್ತಗೆ ಓದಿ" ಎಂದಳು. ಮೆತ್ತಗೆ ಓದಿದೆನು. ಎರಡನೆಯ ಸಂಜೆ ಬೇಗ ಮುಗಿಸೋಣವೆಂದು ಒಂದು ಪುಟದ ಅರ್ಧವನ್ನು ಹಾರಿಸಿದೆನು. ತಕ್ಷಣವೇ, "ನಡುವೆ ನಾಯಿಯ ಪ್ರಸಂಗ ಎಲ್ಲಿ ಹೋಯಿತು?" ಎಂದಳು. ಆ ಪುಸ್ತಕವನ್ನು ಅವಳು ಅದಕ್ಕೆ ಹಿಂದೆ ಐದಾರು ಸಲ ಓದಿದ್ದಳೆಂಬುದು ನನಗೆ ಗೊತ್ತಾದುದು ಆಗ. ಕಥೆ ಹೇಳುವವನ ನಾಯಿಯಾದ ಕಿವಿಯ ಒಂದು ಬೊಗಳುವಿಕೆಯನ್ನೂ ಅವಳು ಬಿಟ್ಟುಕೊಡಲು ಸಿದ್ಧಳಿರಲಿಲ್ಲ. 33 ವರುಷ ಕಂಡವರ ಲೆಕ್ಕವನ್ನು ತನಿಖೆ ಮಾಡಿದವನ ಓದನ್ನು, ಕಣ್ಣು ಕಾಣದ ಹೆಂಗಸೊಬ್ಬಳು ಕಿವಿಯಿಂದಲೇ ತನಿಖೆ ಮಾಡಿ ಆಕ್ಷೇಪಣೆ ಬರೆದಳು!

ನಾಲ್ಕನೆಯ ಸಂಜೆಯೋ ಐದನೆಯದೋ ಇರಬೇಕು. ಮಂದಣ್ಣನ ಪ್ರಸಂಗ ನಡೆಯುತ್ತಿದ್ದಿತು. ಈ ಮಂದಣ್ಣನು ಊರಿನವರ ಲೆಕ್ಕದಲ್ಲಿ ಯಾವ ಕೆಲಸಕ್ಕೂ ಬಾರದವನು. ಜೇನು, ಕಾಡು, ಮರ, ಹುಳು ಇವುಗಳ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದುದಿಲ್ಲ. ಮದುವೆಯಾಗಬೇಕಾದರೆ ಮಾತ್ರ ಒಂದು ಸರ್ಕಾರಿ ನೌಕರಿ ಬೇಕು, ಅದಿಲ್ಲ. ಕೃಷಿ ಸಂಶೋಧನೆಗೆಂದು ಬಂದಿರುವ ಕರ್ವಾಲೊ ಎಂಬ ದೊಡ್ಡ ವಿಜ್ಞಾನಿಯು ಇಂತಹವನನ್ನು ಹಿಡಿದುಕೊಂಡು ಓಡಾಡುತ್ತಾನೆ. ಏಕೆಂದು ಊರಿಗೆ ತಿಳಿಯದು. ಆ ಪ್ರಸಂಗವನ್ನು ಓದುತ್ತಿರುವಾಗ, ಕಾರಣವೇ ಇಲ್ಲದೆ ನನಗೆ ಕುಣಿಗಲ್ ಸೀಮೆಯ ಸಂಘವೊಂದರ ನೆನಪು ನುಗ್ಗಿ ಬಂದಿತು. ಊರಿನ ಹೆಸರು ಬೇಡ. ಒಂದು ವರುಷದ ದಾಸ್ತಾನು ಪುಸ್ತಕದಲ್ಲಿ, "ಇಲಿ ಕಡಿದುದರಿಂದ ನಷ್ಟವಾದ ಗೋಣಿಚೀಲ 14" ಎಂದು ಬರೆದಿದ್ದರು. ಸರಿ, ಇಲಿಗಳು ಕಡಿಯುತ್ತವೆ. ಮುಂದಿನ ವರುಷದ ಖರ್ಚಿನಲ್ಲಿ, "ಬೆಕ್ಕಿನ ಹಾಲಿನ ಬಾಬ್ತು 36 ರೂಪಾಯಿ" ಎಂದಿದ್ದಿತು; ಮಂಡಲಿಯ ಠರಾವೂ ಇದ್ದಿತು. ಆದರೆ ಅದೇ ವರುಷ ಇಲಿ ಕಡಿದ ಚೀಲಗಳು 22! ನಾನು ಗಂಭೀರವಾಗಿ, "ಬೆಕ್ಕಿನ ವೆಚ್ಚದಿಂದ ಸಂಘಕ್ಕೆ ಯಾವ ಪ್ರಯೋಜನವೂ ಆಗಿರುವುದಿಲ್ಲ; ವಿವರಣೆ ಪಡೆಯತಕ್ಕದ್ದು" ಎಂದು ಆಕ್ಷೇಪಣೆ ಬರೆದೆನು. ಮುಂದಿನ ತನಿಖೆಯ ವೇಳೆಗೆ ವಿವರಣೆ ಬಂದಿತು: "ಸದರಿ ಬೆಕ್ಕು ಹಾಲು ಕುಡಿದುದರಿಂದ ಇಲಿ ಹಿಡಿಯುವುದನ್ನು ಬಿಟ್ಟಿರುತ್ತದೆ." ಅದನ್ನೂ ಗಂಭೀರವಾಗಿ ಕಡತಕ್ಕೆ ಸೇರಿಸಿದೆನು.

ಇದು ನಡೆದುದು 1980ರ ದಶಕದಲ್ಲಿ. ಅಂದು ನನಗೆ ನಗು ಬರಲಿಲ್ಲ, ಬರಲು ಅವಕಾಶವಿರಲಿಲ್ಲವೆನ್ನಿ. ಕಾರ್ಯದರ್ಶಿಯು ಎದುರಿಗೆ ಕೈಕಟ್ಟಿ ನಿಂತಿದ್ದನು. ಈಗ ಮಂದಣ್ಣನ ನಡುವೆ ಆ ಬೆಕ್ಕು ಬಂದು ಕುಳಿತುಬಿಟ್ಟಿತು. ನಾನು ಓದು ನಿಲ್ಲಿಸಿದೆನು. ಹೊಟ್ಟೆಯೊಳಗಿಂದ ಏನೋ ಎದ್ದು ಬಂದು, ಕನ್ನಡಕವನ್ನು ತೆಗೆದಿಡಬೇಕಾಗುವಷ್ಟು ನಕ್ಕೆನು. ಅವಳು ಗಾಬರಿಯಾಗಿ, "ಅಲ್ಲಿ ಅಷ್ಟು ನಗುವಂತಹದು ಏನಿದೆ?" ಎಂದಳು. ಬೆಕ್ಕಿನ ಕಥೆಯನ್ನು ಹೇಳಿದೆನು. ಅವಳೂ ನಕ್ಕಳು. ನಕ್ಕು ಕಣ್ಣೊರಸಿಕೊಂಡು, "ಇಷ್ಟು ವರುಷ ಇದನ್ನು ಎಲ್ಲಿ ಇಟ್ಟುಕೊಂಡಿದ್ದಿರಿ?" ಎಂದು ಕೇಳಿದಳು. ಎಲ್ಲಿ ಇಟ್ಟಿದ್ದೆನೋ! ಬಾಕಿಯ ಪಟ್ಟಿಯಲ್ಲಿ 30 ವರುಷಕ್ಕೂ ಹೆಚ್ಚು ಕಾಲ ನಿಂತಿದ್ದ ಒಂದು ನಗು ಅದು.

ಆ ರಾತ್ರಿ ನಿದ್ದೆ ಬಾರದೆ ಮೂರು ಗಂಟೆಗೆ ಎದ್ದು, ನಡುಮನೆಯ ದೀಪ ಹಾಕಿಕೊಂಡು, ಮುಂದೇನಾಯಿತೆಂದು ಒಬ್ಬನೇ ಓದಿದೆನು. ಮುಂದೇನಾಯಿತು! ಈ ಪ್ರಶ್ನೆಯನ್ನು ಹುಡುಗತನದಲ್ಲಿ ಹೊಂಗೆಯ ನೆರಳಿನಲ್ಲಿ ಕೇಳಿದ ಮೇಲೆ ನಾನು ಮತ್ತೆ ಕೇಳಿರಲಿಲ್ಲ. ಕಡತದಲ್ಲಿ ಮುಂದೆ ಏನಾಗಬೇಕೆಂಬುದು ಮೊದಲೇ ಗೊತ್ತಿರುತ್ತದೆ; ಕೂಡಿದರೆ ಮೊತ್ತ ಬರಬೇಕು. ಇಲ್ಲಿ ಮಂದಣ್ಣನಿಗೆ ಮದುವೆಯಾಗುತ್ತದೆ, ಕಳ್ಳಭಟ್ಟಿಯ ಮೊಕದ್ದಮೆಯಾಗುತ್ತದೆ; ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದೇನೆಂದು ಯಾವ ಗಣಿತವೂ ಹೇಳದು. ನಾನು ಏನನ್ನೂ ತಾಳೆ ನೋಡಬೇಕಾಗಿರಲಿಲ್ಲ. ಕೊನೆಯ ಪುಟದ ಕೆಳಗೆ ಸಹಿ ಮಾಡಬೇಕಾಗಿರಲಿಲ್ಲ. ಮಂದಣ್ಣನು ಭಟ್ಟಿ ಇಳಿಸಿದ್ದರೆ ಅದಕ್ಕೆ ನಾನು ಜವಾಬ್ದಾರನಲ್ಲ! ಈ ಒಂದು ವಿಚಾರ ಹೊಳೆದಾಗ ಆದ ಹಗುರವನ್ನು ಬೇರೆ ಉದ್ಯೋಗದವರಿಗೆ ತಿಳಿಸಿ ಹೇಳುವುದು ಕಷ್ಟ.

ಕಸುಬಿನ ಭಾರವನ್ನು ಕಳೆಯಬೇಕಾದರೆ ಕಸುಬಿಗೆ ದೂರವಾದ ಪುಸ್ತಕವನ್ನು ಓದಬೇಕೆಂದು ಹೇಳುವುದು ವಾಡಿಕೆ. ಲೆಕ್ಕದವನಿಗೆ ಭಕ್ತಿಗ್ರಂಥ, ವಕೀಲನಿಗೆ ಕಾವ್ಯ, ಹೀಗೆ. ನನಗೆ ಇದು ಒಪ್ಪಿಗೆಯಿಲ್ಲ. ನಿವೃತ್ತಿಯಾದಾಗ ಸ್ನೇಹಿತರು ಕೊಟ್ಟ ದೊಡ್ಡ ದೊಡ್ಡ ಗ್ರಂಥಗಳನ್ನು ನಾನು ಮರ್ಯಾದೆಯಿಂದ ತೆರೆದು ಮರ್ಯಾದೆಯಿಂದ ಮುಚ್ಚಿದ್ದೇನೆ. ನನ್ನನ್ನು ಹಿಡಿದು ನಿಲ್ಲಿಸಿದುದು ನಾನು ಬಲ್ಲ ಲೋಕವೇ: ಸೊಸೈಟಿಯ ಕಟ್ಟೆ, ಕೆಲಸಕ್ಕೆ ಶಿಫಾರಸು ಕೇಳುವವನು, ಪೊಲೀಸರಿಗೆ ಹೆದರುವವನು, ಯಾವುದಕ್ಕೂ ಹೆದರದ ಬಾಯಿಬಡುಕನು. ಇವರನ್ನೆಲ್ಲ 33 ವರುಷ ನೋಡಿದ್ದೆನು, ಆದರೆ ಒಂದು ಮೇಜಿನ ಆಚೆಯಿಂದ. ತೇಜಸ್ವಿಯವರು ಆ ಮೇಜನ್ನು ಎತ್ತಿ ಪಕ್ಕಕ್ಕಿಟ್ಟರು.

ಮೇಜು ಹೋದಮೇಲೆ ಒಬ್ಬೊಬ್ಬರಾಗಿ ನೆನಪಿಗೆ ಬರತೊಡಗಿದರು. ಗುಬ್ಬಿಯ ಕಡೆಯ ಸಂಘವೊಂದರಲ್ಲಿ ತೂಕ ಹಾಕುವ ಮುದುಕನೊಬ್ಬನಿದ್ದನು, ಓದುಬರಹವಿಲ್ಲ. ರಾಗಿಯ ಮೂಟೆಯನ್ನು ಕಾಲಿನಿಂದ ಒಂದು ಸಲ ಒತ್ತಿ, "ಇದರಲ್ಲಿ ಎರಡು ಸೇರು ಕಮ್ಮಿ ಸ್ವಾಮಿ" ಎನ್ನುವನು. ತಕ್ಕಡಿಗೆ ಹಾಕಿದರೆ ಅವನ ಮಾತೇ ಸರಿಯಾಗುವುದು. ನನ್ನ ವರದಿಯಲ್ಲಿ ಅವನು ಬಂದಿರುವುದು, "ದಿನಗೂಲಿ ನೌಕರ 1" ಎಂಬ ಸಾಲಿನಲ್ಲಿ. ವರದಿಗೆ ಅಷ್ಟು ಸಾಕು. ಅದರಲ್ಲಿ ಅವನ ಕಾಲಿಗೆ ಕಾಲಂ ಇಲ್ಲ. ಕರ್ವಾಲೊ ಆದರೋ ಮಂದಣ್ಣನ ಕಣ್ಣಿಗೆ ಒಂದು ಕಾಲಮನ್ನು ಮಾಡಿದನು. ಯಾರೂ ನಂಬದ ಒಂದು ಪ್ರಾಣಿಯನ್ನು ಮಂದಣ್ಣನು ಕಾಡಿನಲ್ಲಿ ಕಂಡಿದ್ದಾನೆ. ಆ ಕಣ್ಣೊಂದಕ್ಕಾಗಿ ವಿಜ್ಞಾನಿಯು ಅವನನ್ನು ಮೊಕದ್ದಮೆಯಿಂದ ಬಿಡಿಸಲು ಪರದಾಡುತ್ತಾನೆ. ನಗುತ್ತ ನಗುತ್ತ ಓದುವ ಪುಸ್ತಕದಲ್ಲಿ ಇಷ್ಟು ದೊಡ್ಡ ಮಾತು ಸದ್ದಿಲ್ಲದೆ ಕುಳಿತಿದೆ. ಅದನ್ನು ಗ್ರಂಥಕರ್ತರು ಬಾಯಿಬಿಟ್ಟು ಹೇಳುವುದಿಲ್ಲ. ಹಳ್ಳಿಯವನನ್ನು ನೋಡಿ ಪಟ್ಟಣದವನು ನಗುವ ಪುಸ್ತಕಗಳು ನಮ್ಮಲ್ಲಿ ಬೇಕಾದಷ್ಟಿವೆ. ಇಲ್ಲಿ ಹೆಚ್ಚು ನಗೆಪಾಟಲಿಗೆ ಈಡಾಗುವವನು ಕಥೆ ಹೇಳುವ ವಿದ್ಯಾವಂತನೇ.

ಈ ಪುಸ್ತಕವನ್ನು ಕಾಲೇಜುಗಳಲ್ಲಿ ಪಠ್ಯವಾಗಿಯೂ ಇಡುವುದುಂಟು. ಸಂತೋಷವೇ. ಆದರೆ ನೆರೆಮನೆಯ ಹುಡುಗನನ್ನು, "ಕರ್ವಾಲೊ ಓದಿದ್ದೀಯೇನಪ್ಪ?" ಎಂದು ಕೇಳಿದರೆ, "ಓದಿದ್ದೀನಿ ಅಂಕಲ್, ಮಂದಣ್ಣನ ಪಾತ್ರಚಿತ್ರಣ, ಹತ್ತು ಮಾರ್ಕ್ಸು" ಎಂದನು. ಪಾಪ, ಅವನ ಕೈಗೂ ಹಸುರು ಪೆನ್ಸಿಲನ್ನು ಕೊಟ್ಟುಬಿಟ್ಟಿದ್ದಾರೆ. ಅವನಿಗೆ ಅದು ಕಳಚಿಬೀಳಲು 33 ವರುಷ ಬೇಕಾಗದಿರಲಿ. ನಮ್ಮ ರಾಜ್ಯದಲ್ಲಿ 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ ಮನೆಗಂದಾಯದ ಜೊತೆಗೆ ಪ್ರತಿಯೊಬ್ಬ ಗೃಹಸ್ಥನಿಂದಲೂ ನೂರಕ್ಕೆ ಆರರಂತೆ ಗ್ರಂಥಾಲಯಕರವನ್ನು ವಸೂಲು ಮಾಡುತ್ತಾರೆ. ಕೊಟ್ಟ ಕರಕ್ಕೆ ಪ್ರತಿಫಲವಾಗಿ ಒಂದು ಸಂಜೆ ಹೋಗಿ, ಅಂಕಗಳಿಲ್ಲದ ಪುಸ್ತಕವೊಂದನ್ನು ತರುವವರು ಮಾತ್ರ ಕಡಮೆ. ಲೆಕ್ಕದವನಾಗಿ ಇದನ್ನು ನಾನು ನಷ್ಟದ ಬಾಬ್ತೆಂದೇ ಬರೆದುಕೊಳ್ಳುತ್ತೇನೆ.

ಮಂದಣ್ಣನು ಕಂಡ ಪ್ರಾಣಿಯು ಹಾರುವ ಓತಿ. ಕಥೆಯಲ್ಲಿ ಅದು ಯುಗಾಂತರದಿಂದ ಉಳಿದುಬಂದ ಒಂದು ವಿಸ್ಮಯವಾಗಿ ಬರುತ್ತದೆ. ನಿಜವಾಗಿಯೂ ಪಶ್ಚಿಮಘಟ್ಟದಲ್ಲಿ ಹಾರುವ ಓತಿಯುಂಟು. ಗೇಣುದ್ದದ ಪ್ರಾಣಿ, ಪಕ್ಕೆಯೆಲುಬುಗಳು ಹೊರಗೆ ಚಾಚಿ, ಅವುಗಳ ನಡುವೆ ಕೊಡೆಯ ಬಟ್ಟೆಯಂತೆ ಚರ್ಮ ಹರಡಿಕೊಳ್ಳುತ್ತದೆ. ರೆಕ್ಕೆ ಬಡಿಯುವುದಿಲ್ಲ, ಎತ್ತರದ ಮರದಿಂದ ತಗ್ಗಿನ ಮರಕ್ಕೆ ತೇಲಿ ಇಳಿಯುವುದು. ಆಹಾರ ಇರುವೆಗಳು. ಹೆಣ್ಣು ಮೊಟ್ಟೆಯಿಡುವುದಕ್ಕೆ ಮಾತ್ರ ನೆಲಕ್ಕೆ ಬರುತ್ತದೆ. ಮಲೆನಾಡಿನ ಅಡಿಕೆಯ ತೋಟಗಳಲ್ಲಿ ಇದನ್ನು ಕಂಡವರು ಅನೇಕರು. ನನ್ನ ಹೆಂಡತಿಯು, "ಗುಬ್ಬಿಯ ಕಡೆಯೂ ಅಡಿಕೆ ಇದೆಯಲ್ಲ, ಅಲ್ಲಿ ಇರಬಾರದೆ?" ಎಂದಳು. ಮುಂದಿನ ವಾರ ಗುಬ್ಬಿಯ ಬಳಿ ಭಾವಮೈದುನನ ತೋಟಕ್ಕೆ ಹೋದಾಗ ನಾನು ಮರಗಳ ನೆತ್ತಿಯನ್ನು ನೋಡುತ್ತ ಸಾಲಿನಿಂದ ಸಾಲಿಗೆ ನಡೆದೆನು. ಅವನು ಸ್ವಲ್ಪ ಹೊತ್ತು ನೋಡಿ ಹತ್ತಿರ ಬಂದು, "ಭಾವ, ಗೊನೆ ಎಣಿಸ್ತಾ ಇದ್ದೀರಾ? ಈ ಸಲ ಇಳುವರಿ ಕಡಿಮೆ, ಆಗಲೇ ಹೇಳಿಬಿಡ್ತೀನಿ" ಎಂದನು. ಓತಿಯನ್ನು ಹುಡುಕುತ್ತಿದ್ದೇನೆಂದರೆ ನಂಬಲಿಲ್ಲ. ನಿವೃತ್ತನಾದ ಮೇಲೂ ತನಿಖೆಯ ಚಟ ಬಿಟ್ಟಿಲ್ಲವೆಂದು ತನ್ನ ಹೆಂಡತಿಯ ಸಂಗಡ ಹೇಳಿದನಂತೆ. ಓತಿ ಸಿಕ್ಕಲಿಲ್ಲ. ಕತ್ತು ಎರಡು ದಿನ ನೋಯುತ್ತಿದ್ದಿತು.

ಪುಸ್ತಕ ಮುಗಿಯುತ್ತ ಬಂದಿತು. ಕೊನೆಯಲ್ಲಿ ಕರ್ವಾಲೊ, ಮಂದಣ್ಣ, ಛಾಯಾಚಿತ್ರದ ಪ್ರಭಾಕರ, ಬಿರಿಯಾನಿ ಕರಿಯಪ್ಪ, ಕಥೆ ಹೇಳುವವನು, ನಾಯಿ ಕಿವಿ, ಎಲ್ಲರೂ ಸೇರಿ ಕಾಡಿನೊಳಗೆ ಹೊರಡುತ್ತಾರೆ. ಅಂತಹ ಮಹಾಯಾತ್ರೆಗೆ ಅಂತಹ ಪರಿವಾರವನ್ನು ಯಾವ ಕವಿಯೂ ಕಟ್ಟಿರಲಾರನು. ಅಲ್ಲಿಯವರೆಗೆ ನಗಿಸಿದ ಪುಸ್ತಕವು ಅಲ್ಲಿ ಮೆಲ್ಲಗೆ ಬೇರೆ ದನಿಗೆ ತಿರುಗುತ್ತದೆ. ಓತಿ ಕಾಣುತ್ತದೆ, ಕೈಗೆ ಸಿಕ್ಕಿತೆನ್ನುವಷ್ಟರಲ್ಲಿ ಘಟ್ಟದ ಅಂಚಿನಿಂದ ಆಳವಾದ ಕಣಿವೆಯ ಮೇಲೆ ತೇಲಿ ಹೊರಟುಹೋಗುತ್ತದೆ. ಇಷ್ಟೇ. ಈ ಭಾಗವನ್ನು ಓದುವ ದಿನ ಅವಳು, "ದೀಪ ಹಚ್ಚುವುದಕ್ಕೆ ಮೊದಲು ಓದಿ" ಎಂದಳು. ಹಿತ್ತಲ ಜಗಲಿಯ ಮೇಲೆ, ಇನ್ನೂ ಬೆಳಕಿರುವಾಗಲೇ ಕುಳಿತು ಓದಿದೆನು. ಮುಗಿದ ಮೇಲೆ ಇಬ್ಬರೂ ಮಾತನಾಡಲಿಲ್ಲ. ರೈಲು ಒಂದು ಹಾದುಹೋಯಿತು.

"ಸಿಕ್ಕದೆ ಹೋದುದೇ ಒಳ್ಳೆಯದಾಯಿತು" ಎಂದು ನಾನೇ ಮೊದಲು ಅಂದೆನು. ಸಿಕ್ಕಿದ್ದರೆ ಅದನ್ನು ಸೀಸೆಯಲ್ಲಿಟ್ಟು ಚೀಟಿ ಅಂಟಿಸಿ ದಾಸ್ತಾನಿಗೆ ತೆಗೆದುಕೊಳ್ಳುತ್ತಿದ್ದರಲ್ಲವೆ? ಅವಳು ಒಪ್ಪಲಿಲ್ಲ. "ಅಷ್ಟು ದೂರ ನಡೆದು ಬಂದವರು, ಒಂದು ಸಲ ಕೈಯಲ್ಲಿ ಹಿಡಿದು ನೋಡಬೇಕಾಗಿತ್ತು" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ನನಗೆ ಈಗ ಎಲ್ಲರ ಮುಖವೂ ಅದರ ಹಾಗೆಯೇ, ಇಗೋ ಕಂಡಿತು ಎನ್ನುವಷ್ಟರಲ್ಲಿ ಹೊರಟುಹೋಗುತ್ತದೆ. ನಿಮಗೆ ಗೊತ್ತಾಗುವುದಿಲ್ಲ" ಎಂದಳು. ನಾನು ಉತ್ತರ ಕೊಡಲಿಲ್ಲ. ಕೊಡತಕ್ಕ ಉತ್ತರವೂ ಇರಲಿಲ್ಲ. ಈ ವಿಷಯದಲ್ಲಿ ನಮ್ಮಿಬ್ಬರಿಗೂ ಇಂದಿನವರೆಗೆ ಒಮ್ಮತವಾಗಿಲ್ಲ. ಊಟದ ಹೊತ್ತಿನಲ್ಲಿ ಒಮ್ಮೊಮ್ಮೆ ಮತ್ತೆ ಎತ್ತಿಕೊಳ್ಳುತ್ತೇವೆ, ಯಾರೋ ನೆಂಟರ ಮನೆಯ ವ್ಯವಹಾರವೋ ಎಂಬಂತೆ.

ಆಮೇಲೆ ಗೊರೂರರ 'ನಮ್ಮ ಊರಿನ ರಸಿಕರು' ಆಯಿತು. 1930ರ ದಶಕದ ಪುಸ್ತಕ. ಹೇಮಾವತಿಯ ತೀರದ ಜನ. ಬಿ. ಜಿ. ಎಲ್. ಸ್ವಾಮಿಗಳ 'ಹಸುರು ಹೊನ್ನು' ಆಯಿತು. ಅದು ಕಾದಂಬರಿಯಲ್ಲ, ಸಸ್ಯಶಾಸ್ತ್ರ, ಆದರೂ ನಗು ಬಂದಿತು. ಗೂಡಿನಲ್ಲಿ ಸಾಸಿವೆಯ ಡಬ್ಬಿಯ ಪಕ್ಕಕ್ಕೆ ಮತ್ತೆ ಪುಸ್ತಕ ಬಂದಿದೆ. ಮಗುಚಿ ಇಡುವವನು ಈಗ ನಾನು. ಆರು ಗಂಟೆಗೆ ಸರಿಯಾಗಿ ಎದುರುಮನೆಯ ಅಜ್ಜಿಯೂ ಹೂವು ಕಟ್ಟುವ ನೆಪದಿಂದ ಬಂದು ಜಗಲಿಯ ಕಂಬಕ್ಕೆ ಒರಗಿ ಕೂರುತ್ತಾರೆ. ಅವರಿಗೆ ಯಾವ ಪುಸ್ತಕವಾದರೂ ಆಗಬಹುದು. ಯಾರೂ ಸಾಯಬಾರದು, ಅಷ್ಟೇ ಷರತ್ತು.

ಈ ವಾರ ಮತ್ತೆ ತೇಜಸ್ವಿಯವರದನ್ನೇ ತೆಗೆದಿದ್ದೇವೆ, 'ಚಿದಂಬರ ರಹಸ್ಯ'. ಕೆಸರೂರೆಂಬ ಊರಿಗೆ ಏಲಕ್ಕಿಯ ಬೆಳೆ ಏಕೆ ಕುಸಿಯಿತೆಂದು ವಿಚಾರಿಸಲು ಸರ್ಕಾರದ ಅಧಿಕಾರಿಯೊಬ್ಬನು ಬರುತ್ತಾನೆ. ಅವನು ಊರೊಳಗೆ ಕಾಲಿಡುವ ಪ್ರಸಂಗವನ್ನು ನಿನ್ನೆ ಓದುತ್ತಿದ್ದಾಗ ಅಜ್ಜಿಯು ಹೂವಿನ ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ, "ಇವರು ಯಾರು?" ಎಂದು ಕೇಳಿದರು. ನನ್ನ ಹೆಂಡತಿಯು, "ನಮ್ಮ ಯಜಮಾನರ ಕಡೆಯವರು, ತನಿಖೆಗೆ ಬಂದಿದ್ದಾರೆ. ಇನ್ನು ಏನೇನಾಗುತ್ತದೋ ನೋಡಿ" ಎಂದಳು. ನಾನು ಕನ್ನಡಕವನ್ನು ಸರಿಮಾಡಿಕೊಂಡು ಮುಂದಿನ ಪುಟವನ್ನು ತಿರುವಿದೆನು.